ಪುಟ್ಟಿಗೆ, ಭಾನುವಾರದ ಫೋನ್ ಆದಮೇಲೆ

ಪುಟ್ಟಿ,

ಭಾನುವಾರ ನೀನು ಸೊರೊರಿಟಿ, ಅಂದರೆ ಕಾಲೇಜು ಹುಡುಗಿಯರ ಆ ಸಂಘ, ಸೇರುತ್ತೇನೆ ಅಂದ ಕೂಡಲೇ ನಾನು ಬೇಡ ಅಂದೆ. ಪೂರ್ತಿ ಹೇಳುವುದಕ್ಕೂ ಬಿಡಲಿಲ್ಲ. ನೀನು "ಸರಿ ಅಮ್ಮ" ಅಂತ ಫೋನ್ ಇಟ್ಟೆಯಲ್ಲ, ಆ "ಸರಿ" ಎರಡು ದಿನದಿಂದ ಕಿವಿಯಲ್ಲೇ ಇದೆ. ಹೋದ ಸೆಮಿಸ್ಟರ್ ನಿನಗೆ ಜ್ವರ ಬಂದಾಗ ರೂಮಿಗೆ ಸಾರು ಮಾಡಿ ತಂದುಕೊಟ್ಟವಳು ಆ ಗುಂಪಿನ ಹುಡುಗಿಯೇ ಅಂತೆ, ಅದನ್ನೇ ಹೇಳಲು ಹೊರಟಿದ್ದೆಯಂತೆ. ನಿನ್ನ ತಮ್ಮ ಆಮೇಲೆ ಹೇಳಿದ. ನಿನಗೆ ಜ್ವರ ಬಂದದ್ದೇ ನನಗೆ ಗೊತ್ತಿರಲಿಲ್ಲ, ಅದರ ಜಗಳ ಬೇರೆ ದಿನಕ್ಕಿರಲಿ.

ಕನ್ನಡದಲ್ಲೇ ಬರೆಯುತ್ತಿದ್ದೇನೆ. ಕನ್ನಡ ಕ್ಲಾಸಿಗೆ ಅಂತ ಆರು ವರ್ಷ ಪ್ರತಿ ವಾರ ಕಾರು ಓಡಿಸಿದ್ದೇನೆ. ಒತ್ತಕ್ಷರ ಬಂದಲ್ಲಿ ಜೋರಾಗಿ ಓದಿಕೋ, ಅರ್ಥ ಆಗುತ್ತೆ.

ನನ್ನ ತಲೆಯಲ್ಲಿದ್ದದ್ದು ಸಿನಿಮಾದಲ್ಲಿ ತೋರಿಸುವ ಬಿಳಿ ಕಂಬದ ದೊಡ್ಡ ಮನೆ, ಕೆಂಪು ಪ್ಲಾಸ್ಟಿಕ್ ಲೋಟ, ಕುಡಿತ, ಕಿರುಚಾಟ. ಅದು ಪೂರ್ತಿ ಸುಳ್ಳೂ ಅಲ್ಲ. 2017ರಲ್ಲಿ ಪೆನ್ ಸ್ಟೇಟ್‌ನಲ್ಲಿ ಫ್ರಟರ್ನಿಟಿ, ಅಂದರೆ ಹುಡುಗರ ಅಂಥದೇ ಸಂಘ, ಸೇರಲು ಹೋದ 19 ವರ್ಷದ ಹುಡುಗನಿಗೆ ಒಂದೇ ರಾತ್ರಿ ವಿಪರೀತ ಕುಡಿಸಿದರು, ಅವನು ಮೆಟ್ಟಿಲಿಂದ ಬಿದ್ದಮೇಲೂ ಗಂಟೆಗಟ್ಟಲೆ ಯಾರೂ ಆಂಬುಲೆನ್ಸ್ ಕರೆಯಲಿಲ್ಲ. ಅವನು ಉಳಿಯಲಿಲ್ಲ. ಸುತ್ತ ಅಷ್ಟು ಜನ "ಬ್ರದರ್ಸ್" ಇದ್ದರು. ಇದು ನೆನಪಿದ್ದದ್ದಕ್ಕೇ ಬಾಯಿಗೆ ಮೊದಲು "ಬೇಡ" ಬಂತು.

ನಿನ್ನೆ ರಾತ್ರಿ ನಿಮ್ಮಪ್ಪ ಮಲಗಿದ ಮೇಲೆ ಕೂತು ಓದಿದೆ. 1867ರಲ್ಲಿ ಇಲಿನಾಯ್ ರಾಜ್ಯದ ಮಾನ್‌ಮತ್ ಅನ್ನುವ ಊರಿನ ಕಾಲೇಜಿನಲ್ಲಿ 12 ಹುಡುಗಿಯರು ಸೇರಿ ತಮ್ಮದೇ ಒಂದು ಸಂಘ ಕಟ್ಟಿಕೊಂಡರಂತೆ. ಈಗ ಅದಕ್ಕೆ ಪೈ ಬೀಟಾ ಫೈ ಅಂತ ಹೆಸರು. ಹುಡುಗರ ಸಂಘಗಳಲ್ಲಿ ಹುಡುಗಿಯರಿಗೆ ಜಾಗ ಇರಲಿಲ್ಲ, ಅದಕ್ಕೇ ಇವರದು ಬೇರೆ. ಆಗಿನ್ನೂ ಇಂಥ ಸಂಘಕ್ಕೆ ಸೊರೊರಿಟಿ ಅನ್ನುವ ಹೆಸರು ಬಂದಿರಲಿಲ್ಲ, ಅದು ಆಮೇಲೆ ಸಿರಾಕ್ಯೂಸ್‌ನ ಒಬ್ಬ ಲ್ಯಾಟಿನ್ ಮೇಷ್ಟ್ರು ಹೇಳಿಕೊಟ್ಟದ್ದು. ಲ್ಯಾಟಿನ್‌ನಲ್ಲಿ ಸೊರೊರ್ ಅಂದರೆ ಅಕ್ಕ ಅಥವಾ ತಂಗಿ. ಆಮೇಲೆ ಬಿಳಿಯರ ಸಂಘಗಳು ಕಪ್ಪು ಹುಡುಗಿಯರನ್ನು ಸೇರಿಸಿಕೊಳ್ಳಲಿಲ್ಲ, ಅವರು 1908ರಲ್ಲಿ ಹೋವರ್ಡ್ ಯೂನಿವರ್ಸಿಟಿಯಲ್ಲಿ ಆಲ್ಫಾ ಕಪ್ಪಾ ಆಲ್ಫಾ ಕಟ್ಟಿಕೊಂಡರು. ಕಮಲಾ ಹ್ಯಾರಿಸ್ ಅದರವರೇ. ನಮ್ಮವರದು ತೀರ ಈಚಿನದು, 1998ರಲ್ಲಿ ನಿಮ್ಮ ಆಸ್ಟಿನ್‌ನಲ್ಲಿ ಕಪ್ಪಾ ಫೈ ಗಾಮಾ, ಅದೇ ವರ್ಷ ಇಲ್ಲಿ ಹ್ಯೂಸ್ಟನ್‌ನಲ್ಲಿ ಡೆಲ್ಟಾ ಫೈ ಒಮೆಗಾ. ಓದುತ್ತಾ ನಗು ಬಂತು. ನಮ್ಮ ಮೈಸೂರು, ಬೆಂಗಳೂರಲ್ಲೂ ಹಿಂದೆ ಒಂದೊಂದು ಜಾತಿಯವರು ತಮ್ಮ ಮಕ್ಕಳು ಓದಲಿ ಅಂತ ಒಂದೊಂದು ಹಾಸ್ಟೆಲ್ ಕಟ್ಟಿಸಿದ್ದು ಹೀಗೇ ಅಲ್ವಾ. ಒಳ್ಳೆಯದೂ ಅಲ್ಲಿಂದಲೇ, ಕೆಟ್ಟದ್ದೂ ಅಲ್ಲಿಂದಲೇ.

ಈಗ ನನ್ನ ಹಾಸ್ಟೆಲ್ ಕಥೆ ಕೇಳು. ಅರ್ಧ ಮಾತ್ರ ನಿನಗೆ ಗೊತ್ತು.

ಮೈಸೂರಲ್ಲಿ ಎಂಎಸ್ಸಿ ಮಾಡುವಾಗ ನಮ್ಮ ಮೆಸ್ ನಡೆಸುತ್ತಿದ್ದದ್ದು ಹುಡುಗಿಯರೇ. ತಿಂಗಳ ಖರ್ಚು ಲೆಕ್ಕ ಹಾಕಿ ಎಲ್ಲರಿಗೂ ಹಂಚುವುದು. ಎರಡನೇ ವರ್ಷ ನನ್ನನ್ನು ಮೆಸ್ ಸೆಕ್ರೆಟರಿ ಮಾಡಿದರು, ಬೇರೆ ಯಾರೂ ಒಪ್ಪಲಿಲ್ಲ ಅಂತ ಅಷ್ಟೇ. ಒಂದು ತಿಂಗಳು ಬಿಲ್ಲು ತಲೆಗೆ 40 ರೂಪಾಯಿ ಜಾಸ್ತಿ ಬಂತು. ರಾತ್ರಿ ಊಟದ ಹೊತ್ತಿಗೆ ತಟ್ಟೆ ಹಿಡಿದುಕೊಂಡೇ ಏಳೆಂಟು ಜನ ನನ್ನ ರೂಮಿನ ಬಾಗಿಲಿಗೆ ಬಂದು ನಿಂತರು. ಮುಂದೆ ಇದ್ದವಳು ಹುಬ್ಬಳ್ಳಿಯವಳು. "ಲೆಕ್ಕಾ ತೋರಸ್ರಿ" ಅಂದಳು, ನಾನು ದುಡ್ಡು ತಿಂದಿದ್ದೇನೆ ಅನ್ನುವ ಹಾಗೆ. ಬೇಳೆ ಚೀಟಿ, ಎಣ್ಣೆ ಚೀಟಿ, ಗ್ಯಾಸ್ ಚೀಟಿ ಎಲ್ಲ ಹಾಸಿಗೆ ಮೇಲೆ ಹರಡಿ ತೋರಿಸಿದೆ. ಕೈ ನಡುಗುತ್ತಿತ್ತು. ಲೆಕ್ಕ ಸರಿಯಾಗೇ ಇತ್ತು, ಬೇಳೆ ರೇಟು ಏರಿತ್ತು. ಅವಳು ತಪ್ಪಾಯ್ತು ಅಂತಲೂ ಅನ್ನಲಿಲ್ಲ. ನಾನೂ ಒಂದು ತಿಂಗಳು ಮಾತು ಬಿಟ್ಟೆ.

ಆದರೆ ಅವಳೂ ಮೆಸ್ ಕಮಿಟಿಯಲ್ಲಿದ್ದಳು. ಪ್ರತಿ ಶನಿವಾರ ಸಂತೇಪೇಟೆಗೆ ಹೋಗಿ ದಿನಸಿ ತರುವುದು ನಮ್ಮಿಬ್ಬರ ಪಾಳಿ. ಮಾತಿಲ್ಲದೆ ಒಂದೇ ಆಟೋದಲ್ಲಿ, ನಡುವೆ ಅಕ್ಕಿ ಮೂಟೆ. ಅವಳು ಬರೀ ಗೆಳತಿ ಆಗಿದ್ದರೆ ಮುನಿಸಿಕೊಂಡು ದೂರ ಆಗಿಬಿಡುತ್ತಿದ್ದೆ. ಕಮಿಟಿ ಅನ್ನುವುದು ಇತ್ತಲ್ಲ, ದೂರ ಆಗುವುದಕ್ಕೆ ಆಗಲಿಲ್ಲ. ಆ ವರ್ಷವೇ ನಮ್ಮಪ್ಪನಿಗೆ ಹಾರ್ಟ್ ಅಟ್ಯಾಕ್ ಅಂತ ತೀರ್ಥಹಳ್ಳಿಯಿಂದ ಫೋನ್ ಬಂದ ರಾತ್ರಿ, ರೂಮು ರೂಮಿಗೆ ಹೋಗಿ ದುಡ್ಡು ಒಟ್ಟು ಮಾಡಿಕೊಂಡು ಬಂದು ನನ್ನ ಜೊತೆ ಬಸ್ಸು ಹತ್ತಿದವಳು ಅವಳೇ. ನಿನ್ನ ಹುಬ್ಬಳ್ಳಿ ಆಂಟಿ.

1999ರಲ್ಲಿ ಮದುವೆಯಾಗಿ ಹ್ಯೂಸ್ಟನ್‌ಗೆ ಬಂದೆ. ನಿಮ್ಮಪ್ಪ ಬೆಳಿಗ್ಗೆ ಏಳಕ್ಕೆ ಹೋದರೆ ರಾತ್ರಿ ಏಳಕ್ಕೆ ಬರುತ್ತಿದ್ದರು, ನನಗೆ ಡ್ರೈವಿಂಗ್ ಬರುತ್ತಿರಲಿಲ್ಲ. ಅಪಾರ್ಟ್‌ಮೆಂಟಿನಲ್ಲಿ ಎದುರು ಮನೆಯವರು ಸಿಕ್ಕಾಗೆಲ್ಲ ನಗುತ್ತಿದ್ದರು, ತುಂಬಾ ಒಳ್ಳೆಯವರು, ಆದರೆ ಎರಡು ದಿನ ನಾನು ಕಾಣದಿದ್ದರೆ ಯಾಕೆ ಅಂತ ಕೇಳುವುದು ಅವರ ಕೆಲಸ ಆಗಿರಲಿಲ್ಲ. ಕನ್ನಡ ಸಂಘದ ಯುಗಾದಿ ಅಡುಗೆಗೆ ಹೆಸರು ಕೊಟ್ಟಮೇಲೆ, 200 ಜನರಿಗೆ ಒಬ್ಬಟ್ಟಿನ ಹೂರಣ ರುಬ್ಬಿದ ಮೇಲೆ ನನಗೆ ಇಲ್ಲಿ ಜನ ಅಂತ ಆದದ್ದು.

ಅದಕ್ಕೇ ಹೇಳುತ್ತಿದ್ದೇನೆ, ಸೇರು. ನಿಮ್ಮ ಕ್ಯಾಂಪಸ್‌ನಲ್ಲಿ 50 ಸಾವಿರಕ್ಕೂ ಜಾಸ್ತಿ ಮಕ್ಕಳು, ಅಷ್ಟು ದೊಡ್ಡ ಊರಿನಲ್ಲಿ ಮೀಟಿಂಗಿಗೆ ಬರದಿದ್ದರೆ ಎಲ್ಲಿದ್ದೀಯ ಅಂತ ಕೇಳುವ ಹಕ್ಕಿರುವ ಮೂವತ್ತು ಜನ ಇರಲಿ. ಹೊಸದಾಗಿ ಸೇರಿದವಳಿಗೆ ಒಬ್ಬ "ಬಿಗ್" ಅನ್ನು ಕೊಡುತ್ತಾರಂತಲ್ಲ, ಅದು ಅಕ್ಕ ಅಷ್ಟೇ, ನೀನು ದೊಡ್ಡ ಮಗಳು, ನಿನಗೆ ಅಕ್ಕ ಇರಲಿಲ್ಲ. ಮಾರ್ಕ್ಸ್ ಇಳಿದರೆ ಅವರೇ ಬೈಯುತ್ತಾರೆ ಅಂತಲೂ ಓದಿದೆ, ಜಿಪಿಎ ಇಷ್ಟಿರಬೇಕು ಅಂತ ನಿಯಮ ಇದೆಯಂತೆ. ನನ್ನ ಅರ್ಧ ಕೆಲಸ ಉಳಿಯಿತು. ಮುಂದೆ ಕೆಲಸ ಹುಡುಕುವಾಗ ಹಳಬರು ರೆಸ್ಯೂಮೆ ಮುಂದೆ ಕಳಿಸುತ್ತಾರೆ ಅಂತ ಎಲ್ಲರೂ ಅದನ್ನೇ ದೊಡ್ಡದು ಮಾಡಿ ಬರೆದಿದ್ದಾರೆ. ಇದ್ದರೆ ಇರಲಿ. ನನಗೆ ಅದಕ್ಕಿಂತ, ಒಂದು ವರ್ಷ ನೀನು ಅಲ್ಲಿ ಟ್ರೆಷರರ್ ಆಗಬೇಕು ಅಂತ ಆಸೆ. ಡ್ಯೂಸ್, ಅಂದರೆ ಸಂಘದ ಚಂದಾ, ಕಟ್ಟದವರ ಹಿಂದೆ ಅಲೆಯಬೇಕು, ಬೈಸಿಕೊಳ್ಳಬೇಕು, ಲೆಕ್ಕ ಹರಡಿ ತೋರಿಸಬೇಕು.

ಕೆಲವು ಮಾತು ಮಾತ್ರ ಗಟ್ಟಿಯಾಗಿ ಹೇಳುತ್ತೇನೆ. ಸೇರುವ ಮೊದಲು ಅವರ ಹೆಸರು ನಿಮ್ಮ ಯೂನಿವರ್ಸಿಟಿಯ ಹೇಝಿಂಗ್ ಪಟ್ಟಿಯಲ್ಲಿ, ಅಂದರೆ ಹೊಸಬರಿಗೆ ಹಿಂಸೆ ಕೊಟ್ಟು ಸಿಕ್ಕಿಬಿದ್ದ ಸಂಘಗಳ ಪಟ್ಟಿಯಲ್ಲಿ, ಇದೆಯಾ ನೋಡು. ಇಂಥವನ್ನು ಎಲ್ಲ ಕಾಲೇಜೂ ಬಹಿರಂಗವಾಗಿ ಹಾಕಬೇಕು ಅಂತ 2024ರ ಡಿಸೆಂಬರ್‌ನಲ್ಲಿ ದೇಶಕ್ಕೆಲ್ಲ ಕಾನೂನೇ ಬಂದಿದೆ. ನಮ್ಮಲ್ಲಿ ರ‍್ಯಾಗಿಂಗ್ ಅನ್ನುತ್ತಿದ್ದೆವಲ್ಲ, ಅದೇ ಇದು. ಟೆಕ್ಸಸ್‌ನಲ್ಲಿ ಅದು ಅಪರಾಧ, ನೀನೇ ಒಪ್ಪಿದ್ದೆ ಅಂತ ಅವರು ತಪ್ಪಿಸಿಕೊಳ್ಳುವ ಹಾಗೂ ಇಲ್ಲ. ಯಾವ ಹೊತ್ತಿಗಾದರೂ ಮನಸ್ಸು ಒಪ್ಪದ್ದನ್ನು ಮಾಡು ಅಂದರೆ ಎದ್ದು ಬಾ, ಕಟ್ಟಿದ ದುಡ್ಡು ಹೋದರೆ ಹೋಗಲಿ. ದೊಡ್ಡ ಮನೆ ಇರುವ ಹಳೆಯ ಸೊರೊರಿಟಿಗಳಿಗೆ ಸಾವಿರಾರು ಡಾಲರ್ ಆಗುತ್ತೆ, ಅಷ್ಟು ನಮ್ಮಿಂದ ಆಗುವುದಿಲ್ಲ, ಅದನ್ನು ಮುಚ್ಚಿಡುವುದಿಲ್ಲ. ಮತ್ತೆ, ದೇಸಿ ಹುಡುಗಿಯರ ಗುಂಪು ಸಿಕ್ಕಿತು ಅಂತ ಆ ಗುಂಪಿನೊಳಗೇ ಮುಳುಗಿ ಕೂರಬೇಡ, ನಿನ್ನ ಲ್ಯಾಬಿನ ಆ ಮೆಕ್ಸಿಕನ್ ಹುಡುಗಿಯ ಜೊತೆ ಊಟಕ್ಕೆ ಹೋಗುವುದು ಬಿಡಬೇಡ.

ನಿಮ್ಮಪ್ಪನಿಗೆ ನಾನು ಹೇಳುತ್ತೇನೆ. ನೀನು ಹೇಳಿದರೆ ಮೊದಲು ಎಷ್ಟು ಖರ್ಚು ಅಂತಾರೆ. ಸೆಮಿಸ್ಟರ್‌ಗೆ ಡ್ಯೂಸ್ ಎಷ್ಟು, ಟೀ ಶರ್ಟು, ಟ್ರಿಪ್ಪು ಅಂತ ಬೇರೆ ಎಷ್ಟು, ಎಲ್ಲ ಬರೆದು ಕಳಿಸು, ಸುಮ್ನೆ ಒಂದು ಮೊತ್ತ ಹಾಕಬೇಡ.

ಶನಿವಾರ ನಾವು ಬರುತ್ತೇವೆ. ಆ ಸಾರು ಮಾಡಿಕೊಟ್ಟ ಹುಡುಗಿ ಯಾವ ಊರಿನವರ ಮಗಳು, ಬೆಳ್ಳುಳ್ಳಿ ತಿನ್ನುತ್ತಾಳಾ ಕೇಳಿಟ್ಟಿರು. ಅವಳಿಗೂ ಒಂದು ಡಬ್ಬಿ ಸಾರಿನ ಪುಡಿ ತರುತ್ತೇನೆ.

ಅಮ್ಮ