ಸೌರಮನೆ ಆಟಿ ತಿಂಗಳಲ್ಲೂ ತೆರೆದಿರಲಿ

ಮಾನ್ಯರೆ,

ಎಂಜಿನಿಯರಿಂಗ್ ವಿದ್ಯಾರ್ಥಿಗಳೇ ಸೌರಮನೆ, ಅಂದರೆ ಬಿಸಿಲಿನಿಂದ ಕರೆಂಟ್ ಪಡೆಯುವ ಮನೆ, ಕಟ್ಟಿ ಜನರಿಗೆ ತೋರಿಸುವುದು ಹೊಸದೇನಲ್ಲ. ಅಮೆರಿಕದ ಇಂಧನ ಇಲಾಖೆ ನಡೆಸುತ್ತ ಬಂದ ಸೋಲಾರ್ ಡೆಕಾಥ್ಲಾನ್ ಸ್ಪರ್ಧೆ 2002ರಲ್ಲೇ ಶುರುವಾಯಿತು. 2014ರಲ್ಲಿ ಫ್ರಾನ್ಸಿನ ವರ್ಸೈಲ್ಸ್‌ನಲ್ಲಿ ನಡೆದ ಅದರ ಯುರೋಪ್ ಆವೃತ್ತಿಗೆ ಐಐಟಿ ಬಾಂಬೆಯ ವಿದ್ಯಾರ್ಥಿಗಳೂ ಮನೆ ಕಟ್ಟಿದ್ದರು. ಮಂಗಳೂರು, ಮಣಿಪಾಲದ ಕಾಲೇಜುಗಳು ಸೇರಿ ಮಂಗಳೂರಿನ ಪಿಲಿಕುಳದ ವಿಜ್ಞಾನ ಕೇಂದ್ರದ ಆವರಣದಲ್ಲಿ ಅಂಥದ್ದೊಂದು ಮನೆಯನ್ನು ಕಾಯಂ ಆಗಿ ನಿಲ್ಲಿಸಬೇಕು. ಅದು ಬೇಸಿಗೆಯ ಮೇಳಕ್ಕಷ್ಟೇ ಬಾಗಿಲು ತೆರೆಯುವಂತಾಗಬಾರದು, ತುಳುನಾಡಿನ ಜಡಿಮಳೆಯ ತಿಂಗಳಾದ ಆಟಿಯಲ್ಲೂ (ಜುಲೈ–ಆಗಸ್ಟ್) ತೆರೆದಿರಬೇಕು. ಕರಾವಳಿಯವರು ಮೊದಲು ಕೇಳುವುದೇ ಮಳೆಗಾಲದ ಕತೆ ಏನೆಂದು.

ಬಾಗಿಲ ಬಳಿ ಒಂದು ಹಲಗೆಯಿಟ್ಟು ದಿನದಿನದ ಉತ್ಪಾದನೆ ಬರೆಯಲಿ. ಮನೆಯ 3 ಕಿಲೋವ್ಯಾಟ್ ಸೋಲಾರ್‌ಗೆ 540 ವ್ಯಾಟಿನ 6 ಪ್ಯಾನೆಲ್, ಸುಮಾರು 300 ಚದರಡಿ ಜಾಗ ಸಾಕು. ಮಾರ್ಚ್‌ನಲ್ಲಿ ದಿನಕ್ಕೆ 13 ಯೂನಿಟ್ ಆಸುಪಾಸು ಬಂದರೆ ಜುಲೈಯಲ್ಲಿ ಹೆಚ್ಚುಕಡಿಮೆ ಅದರ ಅರ್ಧ. ಜಡಿಮಳೆ ಹಿಡಿದ ದಿನ 3 ಯೂನಿಟ್ ಬಂದರೆ ದೊಡ್ಡದು. ಇದನ್ನು ಮುಚ್ಚಿಟ್ಟು ಮಾರುವುದರಿಂದಲೇ ಸೋಲಾರ್ ಮೇಲಿನ ನಂಬಿಕೆ ಕೆಡುತ್ತಿದೆ.

ಇನ್ನೊಂದನ್ನು ಕಣ್ಣೆದುರೇ ಮಾಡಿ ತೋರಿಸಬೇಕು. ಸುಡುಬಿಸಿಲಲ್ಲಿ ಮೆಸ್ಕಾಂ ಕಡೆಯ ಮೇನ್ ಸ್ವಿಚ್ ಇಳಿಸಿದರೆ ಬ್ಯಾಟರಿ ಇಲ್ಲದ, ಮೆಸ್ಕಾಂ ಲೈನಿಗೇ ಜೋಡಿಸಿದ ಆನ್‌ಗ್ರಿಡ್ ಇನ್ವರ್ಟರ್ ತಕ್ಷಣ ನಿಲ್ಲುತ್ತದೆ. ಕಂಬದಲ್ಲಿ ಕೆಲಸ ಮಾಡುವ ಲೈನ್‌ಮನ್‌ಗೆ ಮನೆಯ ಕರೆಂಟ್ ತಗಲದಿರಲೆಂದೇ ಈ ಏರ್ಪಾಡು. ಸೋಲಾರ್ ಹಾಕಿಸಿದರೆ ಕರೆಂಟ್ ಹೋಗುವುದೇ ಇಲ್ಲ ಎಂದುಕೊಂಡು ದುಡ್ಡು ಕಟ್ಟುವವರು ಈಗಲೂ ಇದ್ದಾರೆ. ಆ ಅನುಕೂಲ ಬೇಕಿದ್ದರೆ ಲೈನ್, ಬ್ಯಾಟರಿ ಎರಡಕ್ಕೂ ಹೊಂದುವ ಹೈಬ್ರಿಡ್ ಇನ್ವರ್ಟರ್ ಮತ್ತು ಬ್ಯಾಟರಿಯ ಖರ್ಚು ಬೇರೆ.

ನೆರಳಿನದ್ದೂ ಹಾಗೆಯೇ. ಹಳೆ ಮಾದರಿಯ ಪ್ಯಾನೆಲನ್ನು ಉದ್ದಕ್ಕೆ ನಿಲ್ಲಿಸಿ, ಕೆಳಗಿನ ಒಂದೇ ಸಾಲು ಸೆಲ್‌ಗಳಿಗೆ ತೆಂಗಿನ ಮಡಲಿನ ನೆರಳು ಅಡ್ಡಲಾಗಿ ಬೀಳಿಸಿದರೆ ನೆರಳು ಬಿದ್ದ ಭಾಗವನ್ನು ಬಿಟ್ಟು ಕರೆಂಟನ್ನು ಸುತ್ತುಹಾಯಿಸುವ ಬೈಪಾಸ್ ಡಯೋಡ್‌ಗಳು ಮೂರೂ ಕೆಲಸಕ್ಕಿಳಿದು ಇಡೀ ಪ್ಯಾನೆಲ್ ಸುಮ್ಮನಾಗುತ್ತದೆ. ಅಡ್ಡಕ್ಕೆ ಮಲಗಿಸಿ ಉದ್ದದಂಚಿಗೆ ಅಷ್ಟೇ ನೆರಳು ಬಿದ್ದರೆ ಮೂರರಲ್ಲಿ ಒಂದು ಪಾಲು ಮಾತ್ರ ಹೋಗುತ್ತದೆ. ಪಕ್ಕದಲ್ಲೊಂದು ಮೀಟರ್ ಇಟ್ಟರೆ ಶಾಲಾಮಕ್ಕಳಿಗೂ ಅರ್ಥವಾಗುತ್ತದೆ.

ಮನೆಯ ವಿನ್ಯಾಸವನ್ನು ಮಾತ್ರ ಉತ್ತರ ಭಾರತದಿಂದ ಎರವಲು ತರಬಾರದು. ಏಪ್ರಿಲ್ ಕೊನೆಯಿಂದ ಆಗಸ್ಟ್ ಮಧ್ಯದವರೆಗೆ ನಡುಹಗಲ ಸೂರ್ಯ ಮಂಗಳೂರಿಗೆ ಉತ್ತರದಲ್ಲಿರುತ್ತಾನೆ. ಹಾಗಾಗಿ ಮೇ ತಿಂಗಳ ಬಿಸಿಲು ತಡೆಯಲು ಉತ್ತರದ ಗೋಡೆಗೂ ಸೂರು ಚಾಚಿರಬೇಕು. ಪ್ಯಾನೆಲ್‌ಗಳಿಗೆ ದಕ್ಷಿಣಕ್ಕೆ 13 ಡಿಗ್ರಿ ಓರೆ ಸಾಕು, 10ಕ್ಕಿಂತ ಕಡಿಮೆ ಬೇಡ. ಓರೆ ಸಾಲದಿದ್ದರೆ ಕೆಳ ಅಂಚಿನಲ್ಲಿ ನೀರು ನಿಂತು ಪಾಚಿ ಕಟ್ಟುತ್ತದೆ. ಹೆಂಚಿನ ಮಾಡಾದರೆ ಪ್ಯಾನೆಲ್ ಹಿಡಿಯುವ ಕೊಕ್ಕೆಗಳನ್ನು ಮಾಡಿನ ದಪ್ಪ ಮರವಾದ ಪಕ್ಕಾಸಿಗೇ ಬಿಗಿಯಬೇಕು. ಹೆಂಚು ಕೂರುವ ತೆಳು ಪಟ್ಟಿಯಾದ ರೀಪಿಗೆ ಬಿಗಿದರೆ ಮಳೆಗಾಲದ ಗಾಳಿಗೆ ಹೆಂಚು ಸಮೇತ ಏಳುತ್ತದೆ.

ಉಪ್ಪುಗಾಳಿಯ ಪಾಠಕ್ಕೆ ತುಕ್ಕು ಹಿಡಿದ ಬೋಲ್ಟನ್ನೂ 316 ದರ್ಜೆಯ ಸ್ಟೇನ್‌ಲೆಸ್ ಬೋಲ್ಟನ್ನೂ ಅಕ್ಕಪಕ್ಕ ಇಡಲಿ. ಜಿಐ (ಸತು ಲೇಪಿತ ಕಬ್ಬಿಣ) ಚೌಕಟ್ಟಿಗೆ ತುಕ್ಕು ಹತ್ತುವುದು ಸೈಟಿನಲ್ಲಿ ತೂತು ಕೊರೆದ, ಕತ್ತರಿಸಿದ ಜಾಗದಲ್ಲೇ. ಅಲ್ಲಿಗೆ ಆಗಲೇ ಜಿಂಕ್ ಪೇಂಟ್ ಬಳಿಯಬೇಕು. ಸಿಡಿಲು ಹೆಚ್ಚಿರುವ ಊರು ನಮ್ಮದು. ಪ್ಯಾನೆಲ್ ಕಡೆಯ ಡಿಸಿ, ಇನ್ವರ್ಟರ್‌ನಿಂದಾಚೆಯ ಎಸಿ, ಮಿಂಚುಬಂಧಕ ಮೂರಕ್ಕೂ ಬೇರೆ ಬೇರೆ ಅರ್ಥಿಂಗ್ ಗುಂಡಿ ಬೇಕು. ಆ ಗುಂಡಿಗಳ ರೋಧವನ್ನು ನೆಲ ಒಣಗಿರುವ ಮಾರ್ಚ್‌ನಲ್ಲಿ ಅಳೆಯಬೇಕು. ಜುಲೈಯಲ್ಲಿ ಕೆಂಪುಕಲ್ಲಿನ ನೆಲ ನೆನೆದಿರುವುದರಿಂದ ಅಳತೆ ಹೇಗೂ ಚೆನ್ನಾಗಿಯೇ ಬರುತ್ತದೆ, ಕೊರತೆ ಕಾಣುವುದಿಲ್ಲ.

ಕಟ್ಟುವುದಕ್ಕೆ ಪ್ರಾಯೋಜಕರು ಸಿಗುತ್ತಾರೆ, ನೋಡಿಕೊಳ್ಳುವುದಕ್ಕೆ ಸಿಗುವುದಿಲ್ಲ. ಕಟ್ಟಿದ ಬ್ಯಾಚ್ ಹೊರಟ ಮೇಲೆ ಪ್ಯಾನೆಲ್ ತೊಳೆಯುವವರು, ಬೋಲ್ಟ್ ಬಿಗಿಯುವವರು, ಕೆಟ್ಟ ಇನ್ವರ್ಟರ್ ಬದಲಿಸಲು ಹಣ ಕೊಡುವವರು ಯಾರೆಂದು ಕಾಲೇಜುಗಳೂ ಪಿಲಿಕುಳದ ಆಡಳಿತವೂ ಅಡಿಪಾಯ ಹಾಕುವ ಮೊದಲೇ ಬರೆದುಕೊಳ್ಳಲಿ.

– ಸೋಲಾರ್ ಜೋಡಣೆ ವೃತ್ತಿಯ ಗೆಳೆಯರು, ಮಂಗಳೂರು