ಗುಳಿಗೆ ನುಂಗಿದವರಿಗೆ, ನುಂಗಿಸಿದವರಿಗೆ

ಕ್ಯಾಮೆರಾ ಗುಳಿಗೆಯೊಂದು ಸಣ್ಣ ಕರುಳನ್ನು ಹಾದು ಬಂದ ವರದಿ ‘ನೇಚರ್’ ಪತ್ರಿಕೆಯಲ್ಲಿ ಬಂದದ್ದು 2000ದ ಮೇ ತಿಂಗಳಲ್ಲಿ. ಕಾಲು ಶತಮಾನ ದಾಟಿತು. ಅದನ್ನು ರೂಪಿಸಿದ, ಕ್ಷಿಪಣಿಗಳ ಕೆಲಸದಲ್ಲಿದ್ದ ಇಸ್ರೇಲಿನ ಎಂಜಿನಿಯರ್ ಗೇವ್ರಿಯಲ್ ಇಡ್ಡಾನ್ ಅವರಿಗೆ, ಗುಳಿಗೆಯನ್ನು ಮೊದಲು ತಾವೇ ನುಂಗಿ ನೋಡಿದ ಬ್ರಿಟನ್ನಿನ ವೈದ್ಯ ಪಾಲ್ ಸ್ವೇನ್ ಅವರಿಗೆ ಮೊದಲ ನಮಸ್ಕಾರ.

ನಮ್ಮ ಮೇಲಿನ ದೊಡ್ಡ ಋಣ ಮಾತ್ರ ರೋಗಿಗಳಾದ ನಿಮ್ಮದು. 26 ಮಿ.ಮೀ. ಉದ್ದ, 11 ಮಿ.ಮೀ. ದಪ್ಪದ ಆ ಗುಳಿಗೆಗೆ ಕಣ್ಣಿದೆ, ಕೈಯಿಲ್ಲ. ನೀರು ಹಾಯಿಸಿ ತೊಳೆಯಲಾರದು, ಗಾಳಿ ಊದಲಾರದು, ಹಿಂತಿರುಗಿ ನೋಡಲಾರದು. ಸೆಕೆಂಡಿಗೆ 2ರಂತೆ 8 ಗಂಟೆ ತೆಗೆದರೆ 57,600 ಚಿತ್ರ. ಕರುಳು ಕೊಳೆಯಾಗಿದ್ದರೆ ಅಷ್ಟೂ ಕೆಸರಿನ ಚಿತ್ರ. ನೀವು ವಾರ ಮೊದಲೇ ಕಬ್ಬಿಣಾಂಶದ ಮಾತ್ರೆ ಬಿಟ್ಟಿರಿ. ಇಲ್ಲದಿದ್ದರೆ ಗೋಡೆಗಂಟಿದ ಕಪ್ಪು ಹಳೇ ರಕ್ತದ್ದೋ ಮಾತ್ರೆಯದ್ದೋ ಗೊತ್ತಾಗುತ್ತಿರಲಿಲ್ಲ. ಹಿಂದಿನ ದಿನವನ್ನು ಎಳನೀರು, ತಿಳಿಸಾರಿನಲ್ಲೇ ಕಳೆದು, ಕರುಳು ತೊಳೆಯುವ, ಬಾಯಿಗೆ ಒಗ್ಗದ 2 ಲೀಟರ್ ಪೆಗ್ ದ್ರಾವಣವನ್ನು ಕುಡಿದು ಮುಗಿಸಿದಿರಿ. ನುಂಗಿದ 2 ಗಂಟೆಯ ಮೇಲೆ ನೀರು, 4 ಗಂಟೆಯ ಮೇಲೆ ಇಡ್ಲಿ ಎಂದರೆ ಹಾಗೇ ಕಾದಿರಿ.

ನರ್ಸ್‌ಗಳೇ, ನೊರೆ ಒಡೆಯಲು ಸಿಮೆಥಿಕೋನ್ ಕೊಡುವುದನ್ನು ಮರೆಯದವರು ನೀವು. ಅದಕ್ಕಿಂತ ಮುಖ್ಯ, ನೀವು ಕೇಳುವ ಪ್ರಶ್ನೆಗಳು: ಹಿಂದೆ ಟಿಬಿ ಆಗಿತ್ತೇ, ಹೊಟ್ಟೆಯ ಆಪರೇಷನ್ ಆಗಿದೆಯೇ, ಮಂಡಿನೋವಿಗೆ ವರ್ಷಗಟ್ಟಲೆ ಮಾತ್ರೆ ನುಂಗಿದ್ದಾರೆಯೇ, ಉಂಡ ಮೇಲೆ ಹೊಟ್ಟೆ ಹಿಂಡುತ್ತದೆಯೇ? ಟಿಬಿ, ಕ್ರೋನ್ಸ್ (ಕರುಳಿನ ದೀರ್ಘಕಾಲದ ಉರಿಯೂತ) ಎರಡೂ ಕರುಳನ್ನು ಕಿರಿದಾಗಿಸುತ್ತವೆ. ಗುಳಿಗೆ ಸಿಕ್ಕಿಕೊಳ್ಳುವುದು ಅಲ್ಲೇ. ಒಂದು ‘ಹೌದು’ ಬಂದರೂ ಮೊದಲು ಸಿ.ಟಿ. ಎಂಟರೋಗ್ರಫಿ (ಸಣ್ಣ ಕರುಳಿನ ಸ್ಕ್ಯಾನ್), ಇಲ್ಲವೇ ತಾನಾಗಿ ಕರಗುವ ಪರೀಕ್ಷಾ ಗುಳಿಗೆ. ಸಕ್ಕರೆ ಕಾಯಿಲೆಯವರ ಜಠರ ನಿಧಾನ. ಗಂಟೆಯಾದರೂ ಗುಳಿಗೆ ಅಲ್ಲೇ ಕೂತಿದೆಯೆಂದು ನೀವು ಪರದೆಯಲ್ಲಿ ಕಂಡು ಕೂಗಿ ಹೇಳಿದ್ದರಿಂದ ಎಷ್ಟೋ ಬ್ಯಾಟರಿಗಳು ವ್ಯರ್ಥವಾಗದೆ ಉಳಿದಿವೆ.

ಚಿತ್ರ ಓದುವವರಿಗೂ ವಂದನೆ. ರಕ್ತ ಜಿನುಗುವ ಕೆಂಪು ಚುಕ್ಕೆ ಕೆಲವೊಮ್ಮೆ ಒಂದೇ ಚೌಕಟ್ಟಿನಲ್ಲಿ ಬಂದು ಹೋಗುತ್ತದೆ, ಆಗ ಫೋನ್ ನೋಡುತ್ತಿದ್ದರೆ ಕೆಟ್ಟಿತು. ಗುಳಿಗೆ ಪರೀಕ್ಷೆಗೆ ಕರುಳಿನ ತುಣುಕು ತೆಗೆಯದು. ಅದಕ್ಕೆ ಹಿರೊನೊರಿ ಯಮಾಮೊಟೊ ರೂಪಿಸಿದ ಎರಡು ಬಲೂನಿನ ಎಂಟರೋಸ್ಕೋಪ್ (ಸಣ್ಣ ಕರುಳಿನೊಳಗೆ ಹೋಗುವ ಕ್ಯಾಮೆರಾ ಕೊಳವೆ) ಬೇಕು. ಬಾಯಿಂದ ಹೋಗಬೇಕೋ ಕೆಳಗಿನಿಂದಲೋ ಎಂಬ ಅಂದಾಜು ಸಿಗುವುದು ನೀವು ಗುರುತುಹಾಕಿದ ಸಮಯದಿಂದ.

ಕೊನೆಗೆ, ಗುಳಿಗೆ ಮಲದಲ್ಲಿ ಹೊರಬಂದಾಗ ಸಂಕೋಚ ಬಿಟ್ಟು ‘ಬಿತ್ತು ಸಾರ್’ ಎಂದು ಫೋನ್ ಮಾಡಿದವರಿಗೆಲ್ಲ ವಿಶೇಷ ಧನ್ಯವಾದ. ಬೀಳುವವರೆಗೆ ಎಂ.ಆರ್.ಐ. ಕೂಡದು, 2 ವಾರವಾದರೂ ಕಾಣದಿದ್ದರೆ ಎಕ್ಸ್‌ರೇ. ತೊಳೆದು ಡಬ್ಬಿಯಲ್ಲಿ ತರುವುದು ಮಾತ್ರ ಬೇಡ. ರೇಡಿಯೋ ಮೂಲಕ ಚಿತ್ರ ಕಳಿಸುವ ಗುಳಿಗೆಯಾದರೆ ಚಿತ್ರಗಳೆಲ್ಲ ಸೊಂಟದ ಪಟ್ಟಿಯ ರೆಕಾರ್ಡರಿನಲ್ಲೇ ಇರುತ್ತವೆ.