ಸಭಾಪಾಲಕಿಯಾದ ಮಗಳಿಗೊಂದು ಪತ್ರ

ಪ್ರೀತಿಯ ಪುಟ್ಟಿ,

ಕರ್ತನ ಹೆಸರಿನಲ್ಲಿ ಅಪ್ಪನ ವಂದನೆ.

ನಿನ್ನೆ ರಾತ್ರಿ ನೀನು ಫೋನಿನಲ್ಲಿ ಹೇಳಿದ್ದನ್ನೆಲ್ಲ ಕೇಳಿಸಿಕೊಂಡೆ. ಸರಿಯಾಗಿ ಉತ್ತರ ಕೊಡಲು ಆಗಲಿಲ್ಲ, ಬೇಸರ ಮಾಡಿಕೊಳ್ಳಬೇಡ. ಫೋನಿನಲ್ಲಿ ನನಗೆ ಮಾತು ಹೊರಡಲ್ಲ. ಅದಕ್ಕೇ ಬೆಳಿಗ್ಗೆ ಎದ್ದವನೇ ಬರೆಯಲು ಕೂತೆ. ಅಂಚೆಗೆ ಹಾಕಿದರೆ ಭಾನುವಾರದ ಒಳಗೆ ತಲುಪುವುದಿಲ್ಲ. ಫೋಟೋ ತೆಗೆದು ವಾಟ್ಸಾಪ್‌ನಲ್ಲಿ ಕಳಿಸುತ್ತೇನೆ.

ನಿಮ್ಮ ಸಭೆಯ ಆ ಹುಡುಗನನ್ನು ಮಣ್ಣು ಮಾಡಿದ ಮೇಲೆ ಅವನ ತಾಯಿ ನಿನ್ನ ಕೈ ಹಿಡಿದುಕೊಂಡು "ಯಾಕೆ ಪಾಸ್ಟರಮ್ಮ, ಯಾಕೆ?" ಅಂತ ಕೇಳಿದರು ಅಂದೆ. ನಿನ್ನ ಬಾಯಿಂದ ಒಂದು ಮಾತೂ ಬರಲಿಲ್ಲ ಅಂದೆ. ಅದಾದ ಮೇಲೆ ನೀನು ಹೇಳಿದ್ದು ನನಗೆ ರಾತ್ರಿಯೆಲ್ಲ ನಿದ್ದೆ ಕೊಡಲಿಲ್ಲ. "ನನ್ನಲ್ಲೇ ಧೈರ್ಯ ಇಲ್ಲ ಅಪ್ಪ, ನಾನು ಯಾರಿಗೆ ಧೈರ್ಯ ಹೇಳಲಿ? ಬಿಷಪರಿಗೆ ಕಾಗದ ಬರೆದು ಬಿಟ್ಟು ಬಂದುಬಿಡ್ತೀನಿ."

ಬರೆಯೋದು, ಬಿಡೋದು ನಿನಗೆ ಸೇರಿದ್ದು. ಬಿಟ್ಟು ಬಂದರೂ ಈ ಮನೆಯಲ್ಲಿ ನಿನ್ನ ಕೋಣೆ ಹಾಗೇ ಇದೆ. ಆದರೆ ಎದೆಯಲ್ಲಿ ಧೈರ್ಯ ತುಂಬಿಕೊಂಡವರೇ ಇನ್ನೊಬ್ಬರಿಗೆ ಧೈರ್ಯ ಹೇಳಬೇಕು ಅಂತ ನಿನಗೆ ಯಾರು ಹೇಳಿಕೊಟ್ಟರು? ನೀನು ಓದಿದ ಬಲ್ಮಠದ ದೈವಶಾಸ್ತ್ರದ ಕಾಲೇಜಿನಲ್ಲಿ ಹೇಳಿಕೊಟ್ಟಿರಲಾರರು. ಬೈಬಲಿನಲ್ಲಂತೂ ಎಲ್ಲೂ ಇಲ್ಲ.

ಅಮ್ಮ ಹೋದ ದಿನದ ಬಗ್ಗೆ ಬರೆಯಲ್ಲ. ಅದು ನಿನಗೂ ಗೊತ್ತು, ನನಗೂ ಗೊತ್ತು. 2021ರ ಮೇ ತಿಂಗಳು, ಲಾಕ್‌ಡೌನ್, ನೀನು ಮಂಗಳೂರಿನಲ್ಲಿ. ಅಷ್ಟು ಸಾಕು. ಆದರೆ ಆಮೇಲೆ ಈ ಮನೆಯಲ್ಲಿ ಏನು ನಡೆಯಿತು ಅನ್ನುವುದು ನಿನಗೆ ಗೊತ್ತಿಲ್ಲ. ನಾನು ಹೇಳಿಯೂ ಇಲ್ಲ.

ನನಗೂ ಪಾಸಿಟಿವ್ ಬಂದಿತ್ತಲ್ಲ, ಬಾಗಿಲಿಗೆ ಕಾಗದ ಅಂಟಿಸಿ ಹೋಗಿದ್ದರು. ಬೀದಿಯವರು ನಮ್ಮ ಗೇಟು ಬಂದಾಗ ಆ ಕಡೆ ಸರಿದು ಹೋಗುತ್ತಿದ್ದರು. ಅವರನ್ನು ದೂರಲಾರೆ, ಆಗ ಎಲ್ಲರ ಮನೆಯಲ್ಲೂ ಹೆದರಿಕೆ ಇತ್ತು. ಫೋನುಗಳು ಮಾತ್ರ ಬರುತ್ತಲೇ ಇದ್ದವು. ಎಲ್ಲರೂ ಬೈಬಲಿನ ವಾಕ್ಯ ಕಳಿಸುತ್ತಿದ್ದರು. ಹೂವಿನ ಚಿತ್ರದ ಮೇಲೆ ವಾಕ್ಯ, ಸೂರ್ಯೋದಯದ ಮೇಲೆ ವಾಕ್ಯ. "ದೇವರ ಚಿತ್ತ ಬ್ರದರ್, ಧೈರ್ಯವಾಗಿರಿ." ಎಲ್ಲವೂ ಪ್ರೀತಿಯಿಂದ ಕಳಿಸಿದ್ದೇ. ನನಗೆ ಒಂದನ್ನೂ ಓದಲಾಗಲಿಲ್ಲ. ಕೊನೆಗೆ ಫೋನನ್ನು ಅಕ್ಕಿ ಡಬ್ಬದ ಮೇಲೆ ಮಗುಚಿ ಇಟ್ಟೆ.

ಆಗ ಬಂದವರು ಹೊಲಿಗೆ ಟೀಚರಮ್ಮ. ಚರ್ಚಿನ ಹಿಂದಿನ ಓಣಿಯವರು, ನೀನು ಚಿಕ್ಕವಳಿದ್ದಾಗ ನಿನ್ನ ಕ್ರಿಸ್ಮಸ್ ಫ್ರಾಕುಗಳನ್ನೆಲ್ಲ ಹೊಲಿದವರು. ಒಂದು ಕೈಯಲ್ಲಿ ಕ್ಯಾರಿಯರ್, ಇನ್ನೊಂದು ಕೈಯಲ್ಲಿ ನೀಲಿ ಪ್ಲಾಸ್ಟಿಕ್ ಸ್ಟೂಲು. ಗೇಟಿನ ಚಿಲಕಕ್ಕೆ ಕ್ಯಾರಿಯರ್ ನೇತುಹಾಕಿದರು. ರಸ್ತೆಯ ಆ ಬದಿಗೆ ಹೋಗಿ ಸ್ಟೂಲು ಇಟ್ಟು ಕೂತರು. ಮುಖಕ್ಕೆ ಎರಡು ಮಾಸ್ಕು, ತಲೆಯ ಮೇಲೆ ಕೊಡೆ. "ಅಣ್ಣ, ತಗೊಳ್ಳಿ" ಅಂದರು. ನಾನು ತೆಗೆದುಕೊಂಡು ಒಳಗೆ ಹೋಗಲು ನೋಡಿದೆ. "ಇಲ್ಲೇ ಮೆಟ್ಟಿಲ ಮೇಲೆ ಕೂತು ತಿನ್ನಿ. ನೀವು ತಿಂದ ಮೇಲೆ ನಾನು ಹೋಗ್ತೀನಿ" ಅಂದರು.

ಕೆಳಗಿನ ಡಬ್ಬಿಯಲ್ಲಿ ಮೆತ್ತಗೆ ಬೆಂದ ಅನ್ನ, ಮೇಲಿನದರಲ್ಲಿ ಮೆಣಸಿನ ಸಾರು. ನನಗೆ ರುಚಿಯೂ ಇರಲಿಲ್ಲ, ವಾಸನೆಯೂ ಇರಲಿಲ್ಲ. ಗಂಟಲಿಗೆ ಬಿಸಿ ಮಾತ್ರ ತಿಳಿಯುತ್ತಿತ್ತು. ಎರಡು ತುತ್ತು ತಿಂದೆ. ಅವರು ನನ್ನ ಕಡೆ ನೋಡಲೂ ಇಲ್ಲ. ಕೊಡೆಯ ಕೆಳಗೆ ತಲೆ ತಗ್ಗಿಸಿಕೊಂಡು ಕೂತಿದ್ದರು. ಪ್ರಾರ್ಥನೆ ಮಾಡುತ್ತಿದ್ದರೋ ಏನೋ, ತುಟಿ ಮಾಸ್ಕಿನ ಒಳಗಿತ್ತು.

ಮಾರನೆಯ ದಿನವೂ ಬಂದರು. ಆಮೇಲೂ ಬಂದರು. ಪೊಲೀಸಿನವರು ಒಮ್ಮೆ ಗದರಿಸಿ ಕಳಿಸಿದರು. ಸಂಜೆ ಮತ್ತೆ ಅದೇ ಸ್ಟೂಲು ಹಿಡಿದು ಬಂದರು.

ಒಂದು ದಿನ ನನಗೆ ತಡೆಯಲಾಗಲಿಲ್ಲ. ಮೆಟ್ಟಿಲ ಮೇಲೆ ನಿಂತು ಕೂಗಾಡಿಬಿಟ್ಟೆ. "ಎಲ್ಲಿದ್ದಾನೆ ನಿಮ್ಮ ದೇವರು? ನನಗೋಸ್ಕರ ಪ್ರಾರ್ಥನೆ ಗೀರ್ಥನೆ ಮಾಡಬೇಡಿ ನೀವು." ಬೀದಿಯವರೆಲ್ಲ ಕಿಟಕಿಗೆ ಬಂದರು. ಟೀಚರಮ್ಮ ಎದ್ದು ಹೋಗುತ್ತಾರೆ ಅಂದುಕೊಂಡೆ. ಅವರು ಕೂತಲ್ಲಿಂದ ಕದಲಲಿಲ್ಲ. "ಆಯ್ತಣ್ಣ, ಜೋರಾಗಿ ಮಾಡಲ್ಲ. ಸಾರು ಆರುತ್ತೆ, ಕುಡೀರಿ" ಅಂದರು.

ನಾನು ಕೂತೆ. ಕುಡಿದೆ. ಕುಡಿಯುತ್ತಾ ಅತ್ತೆ. ನಿನ್ನ ಅಮ್ಮ ಹೋದಮೇಲೆ ನಾನು ಅತ್ತಿದ್ದು ಅದೇ ಮೊದಲು ಪುಟ್ಟಿ. ಆಮೇಲೆ ನೋಡಿದರೆ ರಸ್ತೆಯ ಆ ಬದಿಯಲ್ಲಿ ಅವರೂ ಸೆರಗಿನಲ್ಲಿ ಕಣ್ಣು ಒತ್ತಿಕೊಳ್ಳುತ್ತಿದ್ದರು.

ಇದನ್ನೇ ಇಷ್ಟುದ್ದ ಬರೆದೆ ಅಂತ ಅನಿಸಬಹುದು. ಏನು ಮಾಡಲಿ, ನನಗೆ ಮತ್ತೆ ಮತ್ತೆ ಕಣ್ಣಿಗೆ ಕಟ್ಟುವುದು ಆ ನೀಲಿ ಸ್ಟೂಲೇ. ಅದರ ಒಂದು ಕಾಲು ಮೊಟಕಾಗಿತ್ತು. ಕೂರುವ ಮೊದಲು ಅದರ ಕೆಳಗೆ ಚಪ್ಪಟೆ ಕಲ್ಲು ಹುಡುಕಿ ಇಡುತ್ತಿದ್ದರು. ಎಷ್ಟೋ ತಿಂಗಳಾದ ಮೇಲೆ ಕೇಳಿದೆ, "ಟೀಚರಮ್ಮ, ನಿಮಗೆ ಭಯ ಆಗಲಿಲ್ವಾ?" ಅಂತ. "ಅಯ್ಯೋ ಆಗದೇ ಏನು ಅಣ್ಣ? ಮನೆಗೆ ಹೋಗಿ ಬಿಸಿನೀರು ಕುಡಿದು ಕೂತುಬಿಡ್ತಿದ್ದೆ, ಕೈಕಾಲು ನಡುಗೋದು" ಅಂದರು. ಮತ್ತೆ ಯಾಕೆ ಬಂದಿರಿ ಅಂದೆ. ಅವರ ಮಗಳು ತೀರಿಹೋದ ವರ್ಷದ ಮಾತು ತೆಗೆದರು. ಆಗ ಇಲ್ಲಿ ಸಭಾಪಾಲಕರಾಗಿದ್ದ ಅಯ್ಯನವರ ಹೆಂಡತಿ ದಿನಾ ಬಂದು, ಏನೂ ಮಾತಾಡದೆ, ಹಿತ್ತಲಲ್ಲಿ ಬಟ್ಟೆ ಒಗೆದು ಒಣಹಾಕಿ ಹೋಗುತ್ತಿದ್ದರಂತೆ. "ಅವತ್ತು ಆ ತಾಯಿ ಬರದೇ ಇದ್ದಿದ್ದರೆ ನಾನು ಬಾವಿ ಪಾಲಾಗ್ತಿದ್ದೆ ಅಣ್ಣ. ಕರ್ತನೇ ಕಳಿಸಿದ. ಈಗ ನನ್ನ ಸರದಿ."

ಇದನ್ನು ಕೇಳಿದಾಗ ನನಗೆ ಬೈಬಲಿನಲ್ಲಿ ಕೊರಿಂಥದವರಿಗೆ ಬರೆದ ಎರಡನೇ ಪತ್ರಿಕೆಯ ಮೊದಲ ಅಧ್ಯಾಯ ಅರ್ಥವಾಯಿತು. ಅಷ್ಟು ವರ್ಷ ಚರ್ಚಿನಲ್ಲಿ ಓದಿದ್ದೆ, ಕೇಳಿದ್ದೆ. ನಮ್ಮ ಸಂಕಟದಲ್ಲಿ ದೇವರು ನಮ್ಮನ್ನು ಸಂತೈಸುತ್ತಾನೆ, ಅದೇ ಸಂತೈಸುವಿಕೆಯಿಂದ ನಾವು ಸಂಕಟದಲ್ಲಿರುವ ಬೇರೆಯವರನ್ನು ಸಂತೈಸಲಿಕ್ಕೆ ಆಗುತ್ತದೆ ಅಂತ ಅಪೊಸ್ತಲ ಪೌಲ ಅಲ್ಲಿ ಬರೆಯುತ್ತಾನೆ. ಅದರ ಕೆಳಗೇ ಇನ್ನೊಂದು ಮಾತಿದೆ, ಅದನ್ನು ನಾವು ಬೇಗ ಓದಿ ದಾಟಿಬಿಡುತ್ತೇವೆ. ಆಸ್ಯ ಸೀಮೆಯಲ್ಲಿ ತಾಳಲಾರದಷ್ಟು ಭಾರ ಬಿದ್ದು, ಬದುಕುವ ಆಸೆಯನ್ನೇ ಬಿಟ್ಟಿದ್ದೆವು ಅನ್ನುತ್ತಾನೆ. ಇದು ಪೌಲನ ಮಾತು! ಅದೇ ಕೊರಿಂಥದವರಿಗೆ ಮೊದಲನೇ ಪತ್ರಿಕೆಯಲ್ಲೂ ತಾನು ಬಲಹೀನನಾಗಿ, ಭಯದಿಂದ ನಡುಗುತ್ತಾ ಅವರ ಹತ್ತಿರ ಇದ್ದೆ ಅಂತ ಬರೆಯುತ್ತಾನೆ.

ಹಡಗಿನ ಕಥೆ ನೋಡು, ಅಪೊಸ್ತಲರ ಕೃತ್ಯಗಳು 27ನೇ ಅಧ್ಯಾಯ. 276 ಜನ ಹಡಗಿನಲ್ಲಿ. ಹದಿನಾಲ್ಕು ದಿನ ಬಿರುಗಾಳಿ, ಸೂರ್ಯನೂ ಇಲ್ಲ, ನಕ್ಷತ್ರವೂ ಇಲ್ಲ, ಯಾರೂ ಊಟ ಮಾಡಿಲ್ಲ. ಪೌಲ ಅಲ್ಲಿ ಅಪೊಸ್ತಲನಾಗಿ ಹೋಗುತ್ತಿರಲಿಲ್ಲ, ಕೈದಿಯಾಗಿ ಹೋಗುತ್ತಿದ್ದ. ರಾತ್ರಿ ದೇವದೂತ ಬಂದು ಅವನಿಗೆ ಹೇಳಿದ ಮೊದಲ ಮಾತೇ ಭಯಪಡಬೇಡ ಅಂತ. ಹೆದರಿದವನಿಗೆ ತಾನೇ ಹಾಗೆ ಹೇಳುವುದು? ಅಂಥವನು ಬೆಳಗಾಗುವ ಹೊತ್ತಿಗೆ ಎದ್ದು ರೊಟ್ಟಿ ತೆಗೆದುಕೊಂಡು, ಎಲ್ಲರ ಮುಂದೆ ದೇವರಿಗೆ ಸ್ತೋತ್ರ ಮಾಡಿ, ಮುರಿದು ತಿನ್ನಲು ಶುರುಮಾಡಿದ. ಆಗ ಎಲ್ಲರಿಗೂ ಧೈರ್ಯ ಬಂತು, ಅವರೂ ತಿಂದರು. ಹಡಗೇನೋ ಒಡೆದೇ ಹೋಯಿತು. ಜನ ಉಳಿದರು.

ಟೀಚರಮ್ಮ ಮಾಡಿದ್ದೂ ಅದೇ ಅಲ್ವಾ?

ಪ್ರವಾದಿ ಎಲೀಯನಿಗೆ ಸಾಕಾಗಿ, ನನ್ನ ಪ್ರಾಣ ತೆಗೆದುಬಿಡು ಅಂತ ಗಿಡದ ಕೆಳಗೆ ಬಿದ್ದುಕೊಂಡಾಗ ದೂತ ಬಂದು ಉಪದೇಶ ಮಾಡಲಿಲ್ಲ. ಎಬ್ಬಿಸಿ ರೊಟ್ಟಿ ಕೊಟ್ಟ, ನೀರು ಕೊಟ್ಟ. ಅವನು ತಿಂದು ಮತ್ತೆ ಮಲಗಿದ. ಎರಡನೇ ಸಲವೂ ಎಬ್ಬಿಸಿ ತಿನ್ನಿಸಿದ. ಮಕ್ಕಳನ್ನೆಲ್ಲ ಕಳೆದುಕೊಂಡ ಯೋಬನ ಸ್ನೇಹಿತರೂ ಏಳು ದಿನ ಏಳು ರಾತ್ರಿ ನೆಲದ ಮೇಲೆ ಸುಮ್ಮನೆ ಕೂತಿದ್ದಾಗ ಒಳ್ಳೆಯವರಾಗೇ ಇದ್ದರು. ಬಾಯಿ ಬಿಟ್ಟ ಮೇಲೆ ಕೆಟ್ಟರು.

ಹಾಗಾಗಿ ಆ ತಾಯಿಯ ಮುಂದೆ ನಿನ್ನ ಬಾಯಿ ಕಟ್ಟಿದ್ದಕ್ಕೆ ನಾನು ದೇವರಿಗೆ ಸ್ತೋತ್ರ ಹೇಳುತ್ತೇನೆ. ನಿನಗೆ ಗೊತ್ತಿರುವ ವಾಕ್ಯಗಳಲ್ಲಿ ಯಾವುದನ್ನಾದರೂ ನೀನು ಆಗ ಹೇಳಿಬಿಟ್ಟಿದ್ದರೆ ಅವರ ಕೈ ಸಡಿಲವಾಗುತ್ತಿತ್ತು. ಅವರು ನಿನ್ನ ಕೈ ಬಿಡಲಿಲ್ಲ ಅಂದೆಯಲ್ಲ.

"ಯಾಕೆ" ಅಂತ ಕೇಳಿದ್ದು ಅಪನಂಬಿಕೆ ಅಂತ ಯಾರಾದರೂ ಸಭೆಯ ಹಿರಿಯರು ಅಂದರೆ ನೀನು ಒಪ್ಪಬೇಡ. ನನ್ನ ದೇವರೇ, ನನ್ನ ದೇವರೇ, ಯಾಕೆ ನನ್ನನ್ನು ಕೈಬಿಟ್ಟೆ ಅಂತ ಶಿಲುಬೆಯ ಮೇಲೆ ಕರ್ತನೇ ಕೂಗಿದ. ಆ ಶುಕ್ರವಾರ ಮೇಲಿಂದ ಉತ್ತರ ಬರಲಿಲ್ಲ. ಭಾನುವಾರ ಬೆಳಿಗ್ಗೆಯೂ ಯಾರೂ ಕಾರಣ ವಿವರಿಸಲಿಲ್ಲ. ಆತನೇ ಎದ್ದು ಬಂದ, ಹೆದರಿ ಬಾಗಿಲು ಹಾಕಿಕೊಂಡಿದ್ದವರ ನಡುವೆ ನಿಂತ, ಗಾಯದ ಕೈ ತೋರಿಸಿದ. ನಾವು ನಂಬಿರುವುದು ಅಷ್ಟು. ಅಷ್ಟನ್ನೇ ನಂಬಿ ನಿನ್ನ ಅಮ್ಮನನ್ನು ಮಣ್ಣಿಗೆ ಕೊಟ್ಟೆ. ಆ ನಂಬಿಕೆ ನನ್ನ ಭಯ ತೆಗೆದುಹಾಕಿಲ್ಲ. ಭಯ ಇಟ್ಟುಕೊಂಡೇ ಇನ್ನೊಬ್ಬರ ಮನೆಯ ಹೊಸ್ತಿಲು ದಾಟುವ ಹಾಗೆ ಮಾಡಿದೆ.

ರಜೆಗೆ ಬಂದಾಗ ಸಭಾ ಚರಿತ್ರೆಯ ಪಾಠದಲ್ಲಿ ಕೇಳಿದ್ದು ಅಂತ ನೀನೇ ಹೇಳಿದ್ದೆ, ಜರ್ಮನಿಯ ಐಲೆನ್‌ಬುರ್ಗಿನ ಪಾದ್ರಿ ಮಾರ್ಟಿನ್ ರಿಂಕಾರ್ಟ್ ಬಗ್ಗೆ. 1637ರಲ್ಲಿ ಯುದ್ಧದ ನಡುವೆ ಪ್ಲೇಗು ಬಂದು, ಉಳಿದ ಪಾದ್ರಿಗಳು ಇಲ್ಲವಾಗಿ, ಆತ ಒಬ್ಬನೇ ಒಂದೊಂದು ದಿನ ನಲವತ್ತು ಐವತ್ತು ಜನರನ್ನು ಹೂಳಬೇಕಾಯಿತು. ಅದೇ ವರ್ಷ ಅವನ ಹೆಂಡತಿಯೂ ಹೋದಳು. ಅಂಥ ಪಾದ್ರಿ ಕೈಯಿಂದ ಬಂದ ಸ್ತೋತ್ರದ ಹಾಡನ್ನು ಜಗತ್ತಿನ ಸಭೆಗಳು ಇವತ್ತಿಗೂ ಹಾಡುತ್ತವೆ. ನೀನು ಅದನ್ನು ಹೇಳುವಾಗ ಕಣ್ಣು ಅಗಲ ಮಾಡಿಕೊಂಡು ಹೇಳಿದ್ದೆ. ಆ ಮನುಷ್ಯನೂ ಸಂಜೆ ಮನೆಗೆ ಬಂದು ಏನು ಮಾಡುತ್ತಿದ್ದನೋ, ಗೋಡೆಗೆ ಒರಗಿ ಅಳುತ್ತಿದ್ದನೋ, ನಾನು ಎಷ್ಟೋ ಸಲ ಯೋಚಿಸಿದ್ದೇನೆ.

ಈಗ ಭಾನುವಾರದ ಮಾತು. ಉಪದೇಶ ಮಾಡಬಾರದು ಅಂದುಕೊಂಡೇ ಕೂತಿದ್ದೆ, ಆದರೂ ಹೇಳುತ್ತೇನೆ. ಪ್ರಸಂಗ ಉದ್ದ ಬೇಡ, ಹತ್ತು ನಿಮಿಷ ಸಾಕು. ದೇವರ ಚಿತ್ತ ಅನ್ನುವ ಮಾತನ್ನು ಈಗ ತೆಗೆಯಬೇಡ. ಒಳ್ಳೆಯವರನ್ನು ದೇವರು ಬೇಗ ಕರೆದುಕೊಳ್ಳುತ್ತಾನೆ ಅನ್ನುವುದಂತೂ ಬೇಡವೇ ಬೇಡ, ಅವನ ತಮ್ಮಂದಿರು ಮುಂದಿನ ಬೆಂಚಿನಲ್ಲೇ ಕೂತಿರುತ್ತಾರೆ. ಹುಡುಗನ ಹೆಸರು ಹೇಳು. ಕ್ವಾಯರಿನಲ್ಲಿ ಅವನು ನಿಲ್ಲುತ್ತಿದ್ದ ಜಾಗ ಖಾಲಿ ಇದ್ದರೆ ಇರಲಿ, ಬೇರೆಯವರನ್ನು ಸರಿಸಿ ತುಂಬಿಸಬೇಡ. ಅಳು ಬಂದರೆ ಅಳು. ಸತ್ತ ಲಾಜರನನ್ನು ಎಬ್ಬಿಸುತ್ತೇನೆ ಅಂತ ಗೊತ್ತಿದ್ದೂ ಯೇಸು ಅವನ ಸಮಾಧಿಯ ದಾರಿಯಲ್ಲಿ ಅತ್ತ.

ಇವೆಲ್ಲಕ್ಕಿಂತ ಮುಖ್ಯವಾದದ್ದು ಇನ್ನೊಂದು. ಈಗ ಆ ಮನೆ ತುಂಬ ಜನ ಇರುತ್ತಾರೆ. ಮೂರು ವಾರ ಆದ ಮೇಲೆ ಯಾರೂ ಇರಲ್ಲ. ಆಗ ಹೋಗು. ಮೊದಲ ಕ್ರಿಸ್ಮಸ್‌ಗೆ ಹೋಗು, ಅವನ ಹುಟ್ಟಿದ ದಿನ ಬರೆದಿಟ್ಟುಕೊಂಡು ಅವತ್ತು ಹೋಗು. ಬೈಬಲು ಚೀಲದಲ್ಲೇ ಇರಲಿ, ಅವರು ಕೇಳಿದಾಗ ತೆಗೆ. ಆ ತಾಯಿ ಕಾಫಿ ಕೊಟ್ಟರೆ ಬೇಡ ಅನ್ನಬೇಡ.

ನೀನು ತಿನ್ನುತ್ತಿದ್ದೀಯಾ ಪುಟ್ಟಿ? ನಿನ್ನೆ ರಾತ್ರಿ ದನಿ ಕೇಳಿದರೆ ಮಧ್ಯಾಹ್ನದ ಊಟ ಮಾಡಿದ ಹಾಗೆ ಕಾಣಲಿಲ್ಲ. ನನಗಿರುವ ಭಯ ಇದೊಂದೇ. ಎಲ್ಲರ ಮನೆಯ ಸಾವು ನೋವನ್ನೂ ಒಬ್ಬಳೇ ಎದೆಗೆ ಹಾಕಿಕೊಂಡು, ಪಾಸ್ಟರಮ್ಮ ಅಳಬಾರದು ಅಂತ ಬಾಗಿಲು ಹಾಕಿಕೊಂಡು, ನೀನು ಒಳಗೊಳಗೇ ಬತ್ತಿಹೋಗುತ್ತೀಯೇನೋ ಅಂತ. ಕರ್ತನೇ ಶಿಲುಬೆಗೆ ಮುಂಚಿನ ರಾತ್ರಿ ಗೆತ್ಸೇಮನೆಯಲ್ಲಿ ಮೂವರು ಶಿಷ್ಯರನ್ನು ಹತ್ತಿರ ಕರೆದು, ನನ್ನ ಜೊತೆ ಎಚ್ಚರವಾಗಿರಿ ಅಂತ ಕೇಳಿಕೊಂಡ. ನಿನಗೆ ಯಾರಿದ್ದಾರೆ ಅಲ್ಲಿ? ಪಕ್ಕದ ಸಭೆಯ ಹಿರಿಯ ಅಯ್ಯನವರಿಗೆ ಇವತ್ತೇ ಫೋನು ಮಾಡು. ಸಂಕೋಚ ಬೇಡ. ವಾರಕ್ಕೊಂದು ದಿನ ರಜೆ ತಗೋ, ತಗೊಂಡ ದಿನ ನಿಜವಾಗಿ ರಜೆ ಮಾಡು.

ಹೆಣ್ಣುಮಗಳನ್ನು ಅಯ್ಯನವರ ಕೆಲಸಕ್ಕೆ ಯಾಕೆ ಕಳಿಸ್ತೀಯ ಅಂತ ನೆಂಟರು ಕೇಳಿದಾಗ ನಿನ್ನ ಅಮ್ಮ ಒಬ್ಬಳೇ ನಿನ್ನ ಪರ ನಿಂತಳು. ನಾನು ತಡವಾಗಿ ಒಪ್ಪಿದವನು. ಬಿಳಿ ನಿಲುವಂಗಿ ಹಾಕಿಕೊಂಡು ನೀನು ಮೊದಲ ಸಲ ಆಶೀರ್ವಾದ ಹೇಳಿದಾಗ ನನಗೆ ತಲೆ ಎತ್ತಲಾಗಲಿಲ್ಲ, ಅಷ್ಟು ಹೆಮ್ಮೆಯಾಗಿತ್ತು. ಈಗ ಅದಕ್ಕಿಂತ ಹೆಚ್ಚು ಹೆಮ್ಮೆಯಾಗುತ್ತಿದೆ. ಉತ್ತರ ಗೊತ್ತಿಲ್ಲದ ಪ್ರಶ್ನೆಗೆ ಸುಳ್ಳು ಉತ್ತರ ಕೊಡದ ಮಗಳು ನನಗಿದ್ದಾಳೆ.

ಬೆಳಿಗ್ಗೆ ಹಾಲು ತರಲು ಹೋದಾಗ ಟೀಚರಮ್ಮ ಸಿಕ್ಕಿದ್ದರು. ನೀನು ಹೇಳಿದ್ದನ್ನು ಅವರಿಗೆ ಹೇಳಿದೆ, ಕೋಪ ಮಾಡಿಕೊಳ್ಳಬೇಡ. ಅವರು ಜಾಸ್ತಿ ಏನೂ ಕೇಳಲಿಲ್ಲ. "ಆ ತಾಯಿನ ನಾನೊಂದ್ಸಲ ನೋಡಬೇಕಲ್ಲ ಅಣ್ಣ" ಅಂದರು. ಸೋಮವಾರ ಬೆಳಿಗ್ಗೆ ನರಸೀಪುರದ ಮೇಲೆ ಹೋಗುವ ಕೊಳ್ಳೇಗಾಲದ ಬಸ್ಸಿಗೆ ಇಬ್ಬರೂ ಹತ್ತುತ್ತೇವೆ. ಅಲ್ಲಿಂದ ನಿಮ್ಮ ಊರಿಗೆ ಆಟೋ ಸಿಗುತ್ತದಾ ವಿಚಾರಿಸು. ಅವರಿಗೆ ಮಂಡಿನೋವು, ಮೆಟ್ಟಿಲು ಹತ್ತಲಾರರು, ಕೆಳಗಿನ ಕೋಣೆಯಲ್ಲೇ ಹಾಸಿಗೆ ಹಾಕು. ಸಾರಿನ ಪುಡಿ ಅವರೇ ತರುತ್ತಾರಂತೆ. ನೀನು ಅಕ್ಕಿ ಮಾತ್ರ ನೋಡಿಕೋ.

ನಿನ್ನ ಅಪ್ಪ